ಏಕಾಂತವೂ ಲೋಕಹಿತವೂ: ಕನ್ನಡ ನಾಡಿನ ಸೂಫೀ ಸಂತರ ಚರಿತ್ರೆ

ಧರ್ಮಗಳ ಚರಿತ್ರೆಯನ್ನು ಪರ್ಯಾಲೋಚಿಸುವವರಿಗೆ ಎಲ್ಲ ದೇಶಗಳಲ್ಲಿಯೂ ಎಲ್ಲ ಕಾಲಗಳಲ್ಲಿಯೂ ಎರಡು ಬಗೆಯ ಮಹನೀಯರು ಗೋಚರಿಸುತ್ತಾರೆ. ಒಂದು ಬಗೆಯವರು ಲೋಕದ ಗದ್ದಲದಿಂದ ದೂರ ಸರಿದು ಅಂತರಂಗದಲ್ಲಿ ಪರವಸ್ತುವನ್ನು ಅರಸುವವರು. ಇನ್ನೊಂದು ಬಗೆಯವರು ಜನರ ನಡುವೆ ನಿಂತು, ಹಸಿದವರಿಗೆ ಅನ್ನವನ್ನೂ ಅರಿಯದವರಿಗೆ ಅರಿವನ್ನೂ ಕೊಟ್ಟು, ಬೇಕಾದಾಗ ಆಳುವವರನ್ನೂ ಎದುರಿಸಿ ನಡೆಯುವವರು. ಕಲ್ಯಾಣದ ಚರಿತ್ರೆಯನ್ನು ಬಲ್ಲ ಶರಣಬಂಧುಗಳಿಗೆ ಇದನ್ನು ವಿಸ್ತರಿಸಿ ಹೇಳಬೇಕಾದುದಿಲ್ಲ. ಶೂನ್ಯಸಿಂಹಾಸನವನ್ನೇರಿದ ಅಲ್ಲಮಪ್ರಭುದೇವರೂ, ಬಿಜ್ಜಳನ ಭಂಡಾರವನ್ನು ನೋಡಿಕೊಳ್ಳುತ್ತ ಮಹಾಮನೆಯಲ್ಲಿ ದಾಸೋಹವನ್ನು ನಡೆಸಿದ ಬಸವಣ್ಣನವರೂ ಒಂದೇ ಅನುಭವಮಂಟಪಕ್ಕೆ ಸೇರಿದವರೆಂಬುದನ್ನು ನಮ್ಮ ಮನೆಯ ಮಕ್ಕಳೂ ಅರಿತಿರುವರು. ಇದೇ ಪ್ರಶ್ನೆಯು ಇಸ್ಲಾಂ ಧರ್ಮದ ಅನುಭಾವಿಗಳಾದ ಸೂಫಿಗಳ ಚರಿತ್ರೆಯಲ್ಲಿ ಹೇಗೆ ಉದ್ಭವಿಸಿತು, ಅದಕ್ಕೆ ಅವರು ಎಂತಹ ಉತ್ತರಗಳನ್ನು ಕೊಟ್ಟರು, ಆ ಉತ್ತರಗಳಲ್ಲಿ ಯಾವುದು ಕಾಲದ ಪರೀಕ್ಷೆಯಲ್ಲಿ ಉಳಿಯಿತು ಎಂಬುದನ್ನು ವಿಚಾರಮಾಡುವುದೇ ಈ ಲೇಖನದ ಉದ್ದೇಶ. ಇದಕ್ಕೆ ದೂರದೇಶಕ್ಕೆ ಹೋಗಬೇಕಾಗಿಲ್ಲ. ಕಲಬುರಗಿ, ಬೀದರ, ವಿಜಾಪುರಗಳೆಂಬ ನಮ್ಮ ನಾಡಿನ ಮೂರು ನಗರಗಳೇ ಸಾಕಷ್ಟು ಸಾಮಗ್ರಿಯನ್ನು ಒದಗಿಸುವುವು.

ಮೊದಲು ಸೂಫಿಗಳೆಂದರೆ ಯಾರೆಂಬುದನ್ನು ಸಂಕ್ಷೇಪವಾಗಿ ತಿಳಿಯೋಣ. ಅರಬ್ಬೀ ಭಾಷೆಯಲ್ಲಿ ‘ಸೂಫ್’ ಎಂದರೆ ಉಣ್ಣೆ. ಒರಟಾದ ಉಣ್ಣೆಯ ಬಟ್ಟೆಯನ್ನುಟ್ಟು ವೈರಾಗ್ಯದಿಂದ ಬಾಳಿದವರಿಗೆ ಈ ಹೆಸರು ಬಂದಿತೆಂದು ಪಂಡಿತರಲ್ಲಿ ಬಹುಮಂದಿ ಹೇಳುವರು. ಪೈಗಂಬರ ಮಹಮ್ಮದರು ಕಾಲವಾದ ನೂರು ವರ್ಷಗಳೊಳಗಾಗಿ ಅರಬ್ಬರ ರಾಜ್ಯವು ಬಹುವಾಗಿ ವಿಸ್ತರಿಸಿ, ದಮಾಸ್ಕಸ್ಸಿನ ಅರಮನೆಗಳಲ್ಲಿ ಭೋಗವು ಬೆಳೆದಾಗ, ಅದನ್ನು ಕಂಡು ಮರುಗಿದವರು ಕೆಲವರಿದ್ದರು. ಬಸ್ರಾ ನಗರದ ಹಸನರು (ಮರಣ 728) ಅವರಲ್ಲಿ ಪ್ರಮುಖರು. ಅದೇ ನಗರದಲ್ಲಿ ಬಾಳಿದ ರಾಬಿಯಾ (ಮರಣ 801) ಎಂಬ ಸಾಧ್ವಿಯು, ಸ್ವರ್ಗದ ಆಸೆಯಿಂದಲೂ ನರಕದ ಭಯದಿಂದಲೂ ಅಲ್ಲದೆ, ಕೇವಲ ಪ್ರೇಮದಿಂದ ದೇವರನ್ನು ಆರಾಧಿಸಬೇಕೆಂಬ ಉಪದೇಶಕ್ಕಾಗಿ ಪ್ರಸಿದ್ಧಳಾದಳು. ಬಾಗ್ದಾದಿನ ಜುನೈದರು (ಮರಣ 910) ಅನುಭಾವಿಯು ಎಚ್ಚರದಿಂದಿದ್ದು ಶಾಸ್ತ್ರದ ಮರ್ಯಾದೆಯನ್ನು ಮೀರದೆ ನಡೆಯಬೇಕೆಂದರು. ಅದೇ ಕಾಲದ ಮನ್ಸೂರ್ ಹಲ್ಲಾಜರು ತಾವೇ ಸತ್ಯವೆಂಬ ಅರ್ಥದ ಮಾತನ್ನು ಬಹಿರಂಗವಾಗಿ ಆಡಿದರೆಂದು ಪ್ರಸಿದ್ಧಿ. ಅವರನ್ನು 922ರಲ್ಲಿ ಬಾಗ್ದಾದಿನಲ್ಲಿ ಕ್ರೂರವಾಗಿ ಕೊಲ್ಲಿಸಲಾಯಿತು. ಗುಟ್ಟಿನ ಅನುಭವವು ಬೀದಿಗೆ ಬಂದೊಡನೆ ಅದು ರಾಜಕಾರ್ಯವಾಗಿಬಿಡುವುದೆಂಬುದಕ್ಕೆ ಹಲ್ಲಾಜರ ಮರಣವೇ ಸಾಕ್ಷಿ.

ಒಳಮುಖವಾದ ಸಾಧನೆಯೂ ಹೊರಮುಖವಾದ ಕಾರ್ಯವೂ ಒಬ್ಬನೇ ವ್ಯಕ್ತಿಯಲ್ಲಿ ಒಂದಾದ ಮೇಲೆ ಒಂದಾಗಿ ಬರಬಹುದೆಂಬುದನ್ನು ಇಮಾಮ್ ಗಜಾಲಿಯವರ (1058–1111) ಜೀವನವು ತೋರಿಸುವುದು. ಬಾಗ್ದಾದಿನ ವಿದ್ಯಾಪೀಠದಲ್ಲಿ ಪ್ರಧಾನಾಚಾರ್ಯರಾಗಿದ್ದ ಅವರು 1095ರಲ್ಲಿ ಆ ಪದವಿಯನ್ನು ತೊರೆದು, ವರ್ಷಗಳ ಕಾಲ ಏಕಾಂತದಲ್ಲಿದ್ದು, 1106ರಲ್ಲಿ ಮರಳಿ ಬಂದು ಪಾಠ ಹೇಳತೊಡಗಿದರು. ಅನಂತರದ ಶತಮಾನಗಳಲ್ಲಿ ಸೂಫಿಗಳು ಗುರುಶಿಷ್ಯ ಪರಂಪರೆಗಳಾಗಿ ಏರ್ಪಟ್ಟರು. ಅವರಲ್ಲಿ ಗುರುವಿಗೆ ಪೀರ್ ಎಂದೂ, ಶಿಷ್ಯನಿಗೆ ಮುರೀದ್ ಎಂದೂ, ನಾಮಸ್ಮರಣೆಗೆ ಜಿಕ್ರ್ ಎಂದೂ, ಗುರುವು ಶಿಷ್ಯರೊಡನೆ ವಾಸಿಸುವ ಮಠಕ್ಕೆ ಖಾನಖಾ ಎಂದೂ ಹೆಸರು. ಭರತಖಂಡಕ್ಕೆ ಬಂದ ಪರಂಪರೆಗಳಲ್ಲಿ ಎರಡು ಪರಸ್ಪರ ಭಿನ್ನವಾದ ದಾರಿಗಳನ್ನು ಹಿಡಿದುವು. ಮುಲ್ತಾನಿನ ಬಹಾವುದ್ದೀನ್ ಜಕರಿಯಾ (ಮರಣ 1262) ಎಂಬ ಸುಹ್ರವರ್ದೀ ಗುರುಗಳು ಧನವನ್ನು ಕೂಡಿಡುವುದರಲ್ಲಿ ತಪ್ಪೆಣಿಸಲಿಲ್ಲ; ರಾಜರೊಡನೆ ಸಂಬಂಧವಿದ್ದರೆ ಪ್ರಜೆಗಳ ಕಷ್ಟವನ್ನು ಅವರ ಕಿವಿಗೆ ಹಾಕಬಹುದೆಂಬುದು ಆ ಪರಂಪರೆಯವರ ನಿಲುವು. ಅಜ್ಮೀರದ ಮುಯೀನುದ್ದೀನ್ ಚಿಶ್ತಿಯವರ (ಮರಣ 1236) ಪರಂಪರೆಯವರಾದರೋ ಅರಮನೆಯ ನೆರಳೂ ಬೇಡವೆಂದರು.

ದಿಲ್ಲಿಯ ನಿಜಾಮುದ್ದೀನ್ ಔಲಿಯಾ (ಮರಣ 1325) ಈ ಎರಡನೆಯ ದಾರಿಯ ಮಹಾಪುರುಷರು. ಬೇಡದೆ ಬಂದ ಕಾಣಿಕೆಯನ್ನು ಸ್ವೀಕರಿಸಬಹುದು, ಆದರೆ ಅದನ್ನು ನಾಳೆಗೆಂದು ಕೂಡಿಡಬಾರದು. ದೊರೆಗಳಿಂದ ಉಂಬಳಿ ಜಹಗೀರುಗಳನ್ನು ಪಡೆಯಬಾರದು. ಅಡುಗೆಮನೆಯು ಯಾರಿಗೂ ಮುಚ್ಚಿರಬಾರದು ಎಂಬುದು ಅಲ್ಲಿನ ನಡವಳಿಕೆ. ಈ ಸಂತರು ಲೋಕವನ್ನು ಬಿಟ್ಟವರೆಂದು ಹೇಳಬಹುದೇ? ದಿನದಿನವೂ ನೂರಾರು ಮಂದಿಗೆ ಅನ್ನವಿಕ್ಕುವವನು ಲೋಕವನ್ನು ಬಿಟ್ಟವನಲ್ಲ. ಅವನು ಬಿಟ್ಟುದು ಅಧಿಕಾರವನ್ನು ಮಾತ್ರ. ಈ ಭೇದವನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಳ್ಳಬೇಕೆಂದು ಪ್ರಾರ್ಥಿಸುತ್ತೇನೆ. ಮುಂದಿನ ಚರಿತ್ರೆಯೆಲ್ಲಕ್ಕೂ ಇದೇ ಕೀಲಿಕೈ.

ಈ ಪರಂಪರೆಯು ಕನ್ನಡ ನಾಡಿಗೆ ಬಂದುದು ಒಬ್ಬ ದೊರೆಯ ಹಟದ ಫಲವಾಗಿ. 1327ರ ಸುಮಾರಿಗೆ ಮಹಮ್ಮದ್ ಬಿನ್ ತುಘಲಕನು ದೇವಗಿರಿಗೆ ದೌಲತಾಬಾದೆಂದು ಹೆಸರಿಟ್ಟು ಅದನ್ನು ರಾಜಧಾನಿಯಾಗಿ ಮಾಡಿ, ದಿಲ್ಲಿಯ ಪ್ರಮುಖರನ್ನೂ ವಿದ್ವಾಂಸರನ್ನೂ ಸಂತರನ್ನೂ ಅಲ್ಲಿಗೆ ಹೊರಡಿಸಿದನು. ಹಾಗೆ ಬಂದ ಒಂದು ಕುಟುಂಬದಲ್ಲಿ 1321ರಲ್ಲಿ ದಿಲ್ಲಿಯಲ್ಲಿ ಹುಟ್ಟಿದ ಸಯ್ಯದ್ ಮಹಮ್ಮದ್ ಹುಸೇನಿ ಎಂಬ ಬಾಲಕನಿದ್ದನು. ತಂದೆಯು ದಖ್ಖನಿನಲ್ಲಿಯೇ ತೀರಿಕೊಂಡನು. ಬಾಲಕನು ದಿಲ್ಲಿಗೆ ಮರಳಿ, ನಿಜಾಮುದ್ದೀನರ ಶಿಷ್ಯರಾದ ನಸೀರುದ್ದೀನ್ ಚಿರಾಗ್ ದೆಹಲಿಯವರಲ್ಲಿ (ಮರಣ 1356) ಉಪದೇಶ ಪಡೆದನು. ನೀಳವಾದ ಕೇಶವಿದ್ದುದರಿಂದ ಗೇಸೂದರಾಜರೆಂದೂ, ಭಕ್ತರ ವಾಡಿಕೆಯಲ್ಲಿ ಖ್ವಾಜಾ ಬಂದೇನವಾಜರೆಂದೂ ಹೆಸರಾದವರು ಇವರೇ. ತೈಮೂರನು ದಿಲ್ಲಿಯನ್ನು ಸೂರೆಗೊಂಡ 1398ರಲ್ಲಿ, ಆ ವಿಪತ್ತು ಬರುವುದಕ್ಕೆ ಮುನ್ನವೇ ಅವರು ಪರಿವಾರದೊಡನೆ ನಗರವನ್ನು ಬಿಟ್ಟು ಹೊರಟರು. ಗುಜರಾತಿನ ಮೂಲಕ ದಖ್ಖನಿಗೆ ಬಂದು, 1400ರ ಸುಮಾರಿಗೆ ಬಹಮನೀ ರಾಜಧಾನಿಯಾದ ಕಲಬುರಗಿಯನ್ನು ಸೇರಿದಾಗ ಅವರಿಗೆ ಸುಮಾರು ಎಂಬತ್ತು ವರ್ಷ ವಯಸ್ಸು.

ಇಂತಹ ಇಳಿವಯಸ್ಸಿನಲ್ಲಿ ಬೇರೊಬ್ಬರಾದರೆ ಮೂಲೆಯಲ್ಲಿ ಕುಳಿತು ಜಪಮಣಿಯನ್ನು ಎಣಿಸುತ್ತಿದ್ದರು. ಗೇಸೂದರಾಜರು ಇನ್ನೂ ಇಪ್ಪತ್ತೆರಡು ವರ್ಷಗಳ ಕಾಲ ಪಾಠ ಹೇಳಿದರು, ಗ್ರಂಥಗಳನ್ನು ಬರೆದರು, ಬಂದವರ ಕಷ್ಟಸುಖಗಳನ್ನು ಕೇಳಿದರು. ಪಾರಸೀ ಅರಬ್ಬೀ ಭಾಷೆಗಳಲ್ಲಿ ಅವರ ಗ್ರಂಥಗಳು ಹಲವಿವೆ. ಅವರ ಸಂಭಾಷಣೆಗಳನ್ನು ಅವರ ಮಗನೇ ‘ಜವಾಮಿ ಉಲ್ ಕಲಿಮ್’ ಎಂಬ ಹೆಸರಿನಿಂದ ಸಂಗ್ರಹಿಸಿರುವನು. ಅವರು ಸಂಸ್ಕೃತ ಗ್ರಂಥಗಳನ್ನು ಬಲ್ಲವರಾಗಿದ್ದು ಬ್ರಾಹ್ಮಣ ಪಂಡಿತರೊಡನೆ ವಾದಮಾಡಿದುದು ಆ ಸಂಗ್ರಹದಿಂದ ತಿಳಿಯಬರುತ್ತದೆ. ದಖ್ಖನಿ ಭಾಷೆಯ ಒಂದು ಗ್ರಂಥವು ಬಹುಕಾಲ ಅವರ ಹೆಸರಿನಲ್ಲಿ ಪ್ರಸಿದ್ಧವಾಗಿದ್ದಿತು. ಅದು ಅವರದಾಗಿರಲಾರದೆಂಬುದು ಈಚಿನ ವಿದ್ವಾಂಸರ ಅಭಿಪ್ರಾಯ. ಭಕ್ತಿಯು ಎಲ್ಲವನ್ನೂ ಮಹಾತ್ಮರ ಹೆಸರಿಗೆ ಸೇರಿಸುವುದು. ಚರಿತ್ರೆಯು ಅದನ್ನು ಬಿಡಿಸಿ ನೋಡಬೇಕಾಗುವುದು. ಇದರಿಂದ ಮಹಾತ್ಮರಿಗೆ ಯಾವ ಕೊರತೆಯೂ ಆಗುವುದಿಲ್ಲ.

ಆಗ ಕಲಬುರಗಿಯನ್ನು ಆಳುತ್ತಿದ್ದವನು ಫಿರೋಜ್ ಷಹ ಬಹಮನಿ (1397–1422). ಇವನು ಅನೇಕ ಭಾಷೆಗಳನ್ನೂ ಖಗೋಲಶಾಸ್ತ್ರವನ್ನೂ ಬಲ್ಲ ಪಂಡಿತ ದೊರೆ. ಮೊದಲಲ್ಲಿ ಸಂತರನ್ನು ಆದರದಿಂದ ಬರಮಾಡಿಕೊಂಡನು. ಆದರೆ ಇಬ್ಬರ ನಡುವಣ ಸ್ನೇಹವು ಬಹುಕಾಲ ನಿಲ್ಲಲಿಲ್ಲ. ಎರಡು ಶತಮಾನಗಳ ಅನಂತರ ವಿಜಾಪುರದಲ್ಲಿ ಕುಳಿತು ಚರಿತ್ರೆಯನ್ನು ಬರೆದ ಫಿರಿಷ್ತನು ಇದನ್ನು ಹೀಗೆ ವಿವರಿಸಿರುವನು: ದೊರೆಯು ತನ್ನ ಮಗನಾದ ಹಸನನನ್ನು ಯುವರಾಜನನ್ನಾಗಿ ಮಾಡಿ, ಅವನನ್ನು ಆಶೀರ್ವದಿಸಬೇಕೆಂದು ಸಂತರನ್ನು ಬೇಡಿದನು. ಸಂತರು, ಸಿಂಹಾಸನವು ದೊರೆಯ ತಮ್ಮನಾದ ಅಹಮದನಿಗೆಂದು ವಿಧಿಸಲ್ಪಟ್ಟಿದೆ, ಅನ್ಯರಿಗೆ ಆಶೀರ್ವಾದವು ವ್ಯರ್ಥ ಎಂದರು. ದೊರೆಯು ಕೋಪಗೊಂಡು, ಖಾನಖಾವು ಕೋಟೆಗೆ ತೀರ ಸಮೀಪದಲ್ಲಿದೆ, ಜನರ ಗುಂಪು ಹೆಚ್ಚಾಗಿದೆ ಎಂಬ ಕಾರಣವನ್ನು ಮುಂದಿಟ್ಟು, ಸಂತರನ್ನು ಊರಹೊರಗೆ ಹೋಗುವಂತೆ ಮಾಡಿದನು. ಈಗ ದರ್ಗಾ ಇರುವುದು ಹಾಗೆ ಅವರು ಹೋಗಿ ನೆಲೆಸಿದ ಎಡೆಯಲ್ಲಿಯೇ. 1422ರಲ್ಲಿ ಅಹಮದನು ಅಣ್ಣನನ್ನು ಪದಚ್ಯುತನನ್ನಾಗಿ ಮಾಡಿ ಪಟ್ಟವನ್ನೇರಿದನು. ಅದೇ ವರ್ಷ ಗೇಸೂದರಾಜರು ಶತಾಯುಷಿಗಳಾಗಿ ದೇಹವನ್ನು ಬಿಟ್ಟರು.

ಹೊಸ ದೊರೆಯು ಸಂತರ ಮನೆತನಕ್ಕೆ ಗ್ರಾಮಗಳನ್ನೂ ಭೂಮಿಯನ್ನೂ ಧಾರಾಳವಾಗಿ ಕೊಟ್ಟನೆಂದು ಅದೇ ಚರಿತ್ರಕಾರನು ಹೇಳುವನು. ಇಲ್ಲಿ ವಿಚಾರಶೀಲರು ಸ್ವಲ್ಪ ನಿಲ್ಲಬೇಕು. ದಿಲ್ಲಿಯ ನಿಜಾಮುದ್ದೀನರ ಮಠದಲ್ಲಿ ನಾಳೆಗೆಂದು ಧಾನ್ಯವನ್ನಿಡುವುದೂ ನಿಷಿದ್ಧವಾಗಿದ್ದಿತು. ನೂರು ವರ್ಷಗಳೊಳಗೆ ಅದೇ ಪರಂಪರೆಯ ಶಾಖೆಯೊಂದು ಗ್ರಾಮಗಳ ಒಡೆತನವನ್ನು ಪಡೆಯಿತು. ಇದನ್ನು ಅಧಃಪತನವೆಂದು ಥಟ್ಟನೆ ತೀರ್ಮಾನಿಸುವುದು ನ್ಯಾಯವಲ್ಲ. ಸಾವಿರಾರು ಯಾತ್ರಿಕರಿಗೆ ಅನ್ನಛತ್ರವು ನಡೆಯಬೇಕಾದರೆ ಭೂಮಿಯು ಬೇಡವೇ? ಮಕ್ಕಳಿಗೆ ಪಾಠಶಾಲೆ ಬೇಡವೇ? ಆದರೆ ಭೂಮಿಯೊಡನೆ ದೊರೆಯ ಋಣವೂ ಬರುವುದು. ಋಣದೊಡನೆ ಮೌನವೂ ಬರುವುದು. ಫಿರೋಜನ ಎದುರಿನಲ್ಲಿ ಆಗದೆಂದು ಹೇಳಿದ ನಾಲಗೆಯ ಸ್ವಾತಂತ್ರ್ಯವು ಉಂಬಳಿಯನ್ನುಂಡ ನಾಲಗೆಗೆ ಉಳಿಯುವುದು ಕಷ್ಟ. ದಾನವನ್ನು ಪಡೆಯುವ ಎಲ್ಲ ಮಠಗಳೂ ಎಲ್ಲ ಕಾಲದಲ್ಲಿಯೂ ಎದುರಿಸಬೇಕಾದ ಸಂಕಟವಿದು. ಇದು ಒಂದು ಮತಕ್ಕೆ ಸೇರಿದುದಲ್ಲ.

ಈ ಸಂಕಟದ ಎರಡನೆಯ ಅಂಕವು ಬೀದರದಲ್ಲಿ ನಡೆಯಿತು. ಅಹಮದ್ ಷಹನು (1422–1436) ರಾಜಧಾನಿಯನ್ನು ಬೀದರಕ್ಕೆ ಸಾಗಿಸಿ, ಪಾರಸೀಕ ದೇಶದ ಕಿರ್ಮಾನಿನಲ್ಲಿದ್ದ ಪ್ರಸಿದ್ಧ ಸೂಫಿ ಷಹ ನಿಯಮತುಲ್ಲಾ ವಲಿಯವರನ್ನು (ಮರಣ 1431) ಆಹ್ವಾನಿಸಿದನು. ಅವರು ತಾವು ಬಾರದೆ ಮೊಮ್ಮಗನನ್ನು ಕಳುಹಿದರು. ಅವರ ಮರಣಾನಂತರ ಮಗನಾದ ಖಲೀಲುಲ್ಲಾ ಬಂದು ಬೀದರದಲ್ಲಿ ನೆಲೆಸಿದರು. ಅಷ್ಟೂರಿನ ದಾರಿಯಲ್ಲಿ ಎಂಟು ಮೂಲೆಗಳ ಚೌಖಂಡಿ ಎಂಬ ಸುಂದರವಾದ ಕಟ್ಟಡವು ಅವರ ಸಮಾಧಿಯೇ. ಈ ಮನೆತನದವರು ರಾಜವಂಶದೊಡನೆ ವಿವಾಹಸಂಬಂಧವನ್ನು ಬೆಳೆಸಿ ಅಮೀರರಾದರು. ಫಲವೇನಾಯಿತು? ಖಲೀಲುಲ್ಲಾರವರ ಮಗನಾದ ಹಬೀಬುಲ್ಲಾ, ಕ್ರೂರಿಯೆಂದು ಹೆಸರಾದ ಹುಮಾಯೂನ್ ಷಹನ (1458–1461) ಕಾಲದಲ್ಲಿ ರಾಜಕುಮಾರನೊಬ್ಬನ ಪಕ್ಷವನ್ನು ವಹಿಸಿ ದಂಗೆಯಲ್ಲಿ ಸೇರಿ ಪ್ರಾಣವನ್ನು ನೀಗಿದನು. ಸಂತನ ಮೊಮ್ಮಗನು ಸಿಂಹಾಸನದ ಜಗಳದಲ್ಲಿ ಮಡಿದನು.

ಆದರೆ ಅದೇ ಬೀದರದಲ್ಲಿ ಜನರ ಭಕ್ತಿಯು ಬೇರೊಂದು ದಾರಿಯನ್ನು ಹಿಡಿಯಿತು. ಅಹಮದ್ ಷಹನನ್ನೇ ಜನರು ‘ವಲಿ’, ಎಂದರೆ ಸಂತ, ಎಂದು ಕರೆದರು. ಅಷ್ಟೂರಿನಲ್ಲಿರುವ ಅವನ ಸಮಾಧಿಯ ಗುಮ್ಮಟದ ಒಳಮೈಯನ್ನು ಬಂಗಾರದ ಬಣ್ಣದ ಲಿಪಿಗಳು ಅಲಂಕರಿಸಿರುವುವು. ಹೋಳಿಯ ಹುಣ್ಣಿಮೆಯ ಅನಂತರ ಅಲ್ಲಿ ನಡೆಯುವ ಉರುಸಿನಲ್ಲಿ ಅಗ್ರಸ್ಥಾನವು ಯಾರಿಗೆ ಸಲ್ಲುವುದು? ಕಲಬುರಗಿ ಸೀಮೆಯ ಮಾಡ್ಯಾಳ ಗ್ರಾಮದ ಜಂಗಮಯ್ಯನವರಿಗೆ. ಅವರು ಪರಿವಾರದೊಡನೆ ಕಾಲ್ನಡಿಗೆಯಲ್ಲಿ ಬಂದು, ಸಮಾಧಿಯ ಮುಂದೆ ಶಂಖವನ್ನೂದಿ, ತೆಂಗಿನಕಾಯಿಯನ್ನು ಒಡೆದು ಪೂಜೆಯನ್ನು ಸಲ್ಲಿಸುವರು. ಅಹಮದ್ ಷಹನು ಅಲ್ಲಮಪ್ರಭುದೇವರ ಅವತಾರವೆಂಬ ನಂಬಿಕೆಯು ಆ ಭಾಗದ ವೀರಶೈವರಲ್ಲಿ ಪ್ರಚಲಿತವಾಗಿರುವುದನ್ನು ಬೀದರದ ಚರಿತ್ರೆಯನ್ನು ಬರೆದ ಗುಲಾಮ್ ಯಜ್ದಾನಿಯವರು 1947ರಲ್ಲಿಯೇ ದಾಖಲಿಸಿರುವರು. ಉರುಸಿನ ದಿನವನ್ನು ಹಿಜರಿ ಪಂಚಾಂಗದಿಂದ ಎಣಿಸದೆ ನಮ್ಮ ಚಾಂದ್ರಮಾನದಿಂದಲೇ ಎಣಿಸುವರು. ಅಹಮದನು ಯುದ್ಧಗಳನ್ನು ಮಾಡಿದ ದೊರೆಯೆಂಬುದೂ, ವಿಜಯನಗರದ ಮೇಲೆ ಅವನು ನಡೆಸಿದ ದಂಡಯಾತ್ರೆಯು ನಿರ್ದಯವಾಗಿದ್ದಿತೆಂಬುದೂ ಚರಿತ್ರೆಯಲ್ಲಿ ಸ್ಪಷ್ಟವಾಗಿದೆ. ಆದರೂ ಜನರು ಅವನಲ್ಲಿ ದೊರೆಯನ್ನು ಮರೆತು ಅನುಭಾವಿಯನ್ನು ಮಾತ್ರ ಉಳಿಸಿಕೊಂಡರು. ಅದೂ ಅಲ್ಲಮರಂತಹ ಪರಮವಿರಕ್ತರ ಹೆಸರಿನಲ್ಲಿ. ಲೋಕದ ನೆನಪು ಯಾವುದನ್ನು ಆರಿಸಿಕೊಳ್ಳುವುದೆಂಬುದಕ್ಕೆ ಇದಕ್ಕಿಂತ ಬೇರೆ ದೃಷ್ಟಾಂತ ಬೇಕೆ?

ಇನ್ನು ವಿಜಾಪುರಕ್ಕೆ ಬರೋಣ. ಎರಡನೆಯ ಇಬ್ರಾಹಿಂ ಆದಿಲ್ ಷಹನು (1580–1627) ಸಂಗೀತಪ್ರಿಯನು. ಅವನು ರಚಿಸಿದ ‘ಕಿತಾಬೇ ನವರಸ್’ ಎಂಬ ಗೀತಗ್ರಂಥದಲ್ಲಿ ಸರಸ್ವತಿಯ ಸ್ತುತಿಯೂ ಗೇಸೂದರಾಜರ ಸ್ತುತಿಯೂ ಜೊತೆಜೊತೆಯಾಗಿ ಕಾಣುವುವು. ಅವನ ಕಾಲದಲ್ಲಿ ಷತ್ತಾರೀ ಪಂಥದ ಷಹ ಸಿಬ್ಗತುಲ್ಲಾ ಎಂಬ ಗುರುಗಳು ಗುಜರಾತಿನಿಂದ ವಿಜಾಪುರಕ್ಕೆ ಬಂದರು. ದೊರೆಯ ನಡತೆಯೂ ನಗರದ ಮದ್ಯಪಾನವೂ ಶಾಸ್ತ್ರಕ್ಕೆ ವಿರುದ್ಧವೆಂದು ಅವರು ಬಹಿರಂಗವಾಗಿ ಖಂಡಿಸಿದರು. ದೊರೆಯು ಅವರನ್ನು ರಾಜ್ಯದಿಂದ ಸಾಗಹಾಕಿದನು. ಅವರು 1606ರಲ್ಲಿ ಮದೀನಾದಲ್ಲಿ ಕಾಲವಾದರು. ಇವರದೂ ಧೈರ್ಯವೇ, ದೊರೆಯ ಎದುರಿನಲ್ಲಿ ನಿಂತು ಮಾತನಾಡಿದ ಧೈರ್ಯ. ಆದರೆ ಇವರು ಬೇಡಿದುದು ರಾಜದಂಡವು ತಮ್ಮ ಮತದಂತೆ ಪ್ರಜೆಗಳನ್ನು ನಡೆಸಬೇಕೆಂಬುದನ್ನು. ಸರಸ್ವತಿಯನ್ನು ಹಾಡಿದ ದೊರೆಯ ನಗರದಲ್ಲಿ ಅಂತಹ ಬೇಡಿಕೆಯು ಸಲ್ಲಲಿಲ್ಲ. ಆದುದರಿಂದ ಸಂತರ ಲೋಕಕಾರ್ಯವೆಂದೊಡನೆ ಅದೆಲ್ಲವೂ ಒಂದೇ ತೆರನಾದುದೆಂದು ಭಾವಿಸಲಾಗದು. ಬಡವನ ಪರವಾಗಿ ದೊರೆಯನ್ನು ಎದುರಿಸುವುದು ಒಂದು. ದೊರೆಯ ಕೈಯಿಂದ ಅನ್ಯರನ್ನು ಕಟ್ಟಿಹಾಕಿಸುವುದು ಇನ್ನೊಂದು.

ಅದೇ ಕಾಲದಲ್ಲಿ ವಿಜಾಪುರದ ಕೋಟೆಗೋಡೆಯ ಹೊರಗೆ, ಷಹಾಪುರದ ದಿಬ್ಬದ ಮೇಲೆ, ಚಿಶ್ತೀ ಸಂತರ ಮತ್ತೊಂದು ಮನೆತನವು ಸದ್ದಿಲ್ಲದೆ ನೆಲೆಸಿದ್ದಿತು. ಮೀರಾನಜಿ, ಅವರ ಮಗ ಬುರ್ಹಾನುದ್ದೀನ್ ಜಾನಮ್, ಮೊಮ್ಮಗ ಅಮೀನುದ್ದೀನ್ ಆಲಾ (ಮರಣ 1675) ಇವರು ಆಸ್ಥಾನದ ಪಾರಸಿಯನ್ನು ಬಿಟ್ಟು, ಬೀದಿಯ ಜನರಾಡುವ ದಖ್ಖನಿಯಲ್ಲಿ ತತ್ತ್ವವನ್ನು ಬರೆದರು. ಅರಮನೆಯಿಂದ ದೂರವಿರಬೇಕೆಂದೇ ಇವರು ಊರಹೊರಗನ್ನು ಆರಿಸಿಕೊಂಡರೆಂದು ಚರಿತ್ರಕಾರರು ಊಹಿಸುವರು. ಈ ಪರಂಪರೆಯ ಶಿಷ್ಯರು ಮಾಡಿದ ಕಾರ್ಯವೊಂದು ನನ್ನ ದೃಷ್ಟಿಯಲ್ಲಿ ಬಹಮನೀ ಆದಿಲ್‌ಷಾಹೀ ದೊರೆಗಳ ಎಲ್ಲ ಗುಮ್ಮಟಗಳಿಗಿಂತಲೂ ಎತ್ತರವಾದುದು. ಅವರು ಬೀಸುವ ಕಲ್ಲಿನ ಹಾಡುಗಳನ್ನೂ ರಾಟಿಯ ಹಾಡುಗಳನ್ನೂ ಕಟ್ಟಿದರು. ಚಕ್ಕೀನಾಮ, ಚರ್ಖಾನಾಮ ಎಂದು ಅವುಗಳಿಗೆ ಹೆಸರು. ನಸುಕಿನಲ್ಲೆದ್ದು ಜೋಳವನ್ನು ಬೀಸುವ ಹೆಂಗಸು, ಕಲ್ಲಿನ ಗೂಟವನ್ನು ಹಿಡಿದು ತಿರುಗಿಸುತ್ತಲೇ ದೇವರ ಹೆಸರನ್ನು ಉಸಿರಿನೊಡನೆ ಕೂಡಿಸುವಂತೆ, ಕಲ್ಲಿನ ಒಂದೊಂದು ಅಂಗಕ್ಕೂ ಒಂದೊಂದು ಅಧ್ಯಾತ್ಮಾರ್ಥವನ್ನು ಆ ಹಾಡುಗಳು ಕಲ್ಪಿಸಿಕೊಟ್ಟುವು. ಓದು ಬಾರದ, ಖಾನಖಾದ ಸಭೆಯಲ್ಲಿ ಸ್ಥಾನವಿಲ್ಲದ ಆ ಹೆಂಗಸಿಗೆ ಅವಳ ದುಡಿಮೆಯೇ ಜಿಕ್ರ್ ಆಯಿತು. ಏಕಾಂತವು ಇಲ್ಲಿ, ದುಡಿಮೆಯು ಅಲ್ಲಿ ಎಂಬ ಭೇದವು ಆ ಬೀಸುವ ಕಲ್ಲಿನಲ್ಲಿ ಹಿಟ್ಟಾಗಿ ಹೋಯಿತು. ಕಾಯಕದ ಮಹಿಮೆಯನ್ನು ಬಲ್ಲ ಶರಣರಿಗೆ ಇದರ ಸವಿಯನ್ನು ಬೇರೆಯಾಗಿ ಹೇಳಬೇಕೆ?

ಆದರೆ ಈ ನಗರದ ದರ್ಗಾಗಳೂ ಉಂಬಳಿಯ ಬಲೆಯಿಂದ ತಪ್ಪಿಸಿಕೊಳ್ಳಲಿಲ್ಲ. 17ನೆಯ ಶತಮಾನದಲ್ಲಿ ದೊರೆಗಳು ಸಂತರ ವಂಶಸ್ಥರಿಗೆ ಇನಾಮು ಭೂಮಿಗಳನ್ನು ಹೆಚ್ಚುಹೆಚ್ಚಾಗಿ ಕೊಡುತ್ತ ಬಂದರು. ಗುರುವಿನ ಪದವಿಯು ಸಾಧನೆಯಿಂದ ಬರುವುದು ತಪ್ಪಿ, ಜನ್ಮದಿಂದ ಬರತೊಡಗಿತು. ಇದಕ್ಕೆ ಎದುರಾಗಿ ಎಲ್ಲವನ್ನೂ ತೊರೆದು ಅಲೆದ ದರವೇಶಿಗಳು ಹುಟ್ಟಿಕೊಂಡರು. ಷಹಾಪುರ ತಾಲ್ಲೂಕಿನ ಗೋಗಿಯವರಾದ ಕಾಜಿ ಮಹಮೂದ್ ಬಹರಿ, ‘ಮನ್ ಲಗನ್’ ಎಂಬ ದಖ್ಖನೀ ಕಾವ್ಯವನ್ನು 1700ರಲ್ಲಿ ರಚಿಸಿದವರು, ಅಂತಹವರಲ್ಲಿ ಒಬ್ಬರು. ಅದೇ ಗೋಗಿಯಲ್ಲಿ ಚಂದಾ ಹುಸೇನಿಯವರ ದರ್ಗಾದ ಬಳಿ ಆದಿಲ್‌ಷಾಹಿಯ ಮೊದಲ ದೊರೆಗಳ ಗೋರಿಗಳಿವೆ. ಬದುಕಿರುವಾಗ ಸಂತರನ್ನು ತಮ್ಮ ಹತ್ತಿರಕ್ಕೆ ಕರೆದ ದೊರೆಗಳು, ಸತ್ತ ಮೇಲೆ ತಾವೇ ಸಂತರ ಹತ್ತಿರಕ್ಕೆ ಬಂದು ಮಲಗಿದರು. 1686ರಲ್ಲಿ ಔರಂಗಜೇಬನು ವಿಜಾಪುರವನ್ನು ಗೆದ್ದನು. ದೊರೆತನವು ಹೋಯಿತು, ಬೀಸುವ ಹಾಡು ಮನೆಮನೆಗಳಲ್ಲಿ ಉಳಿಯಿತು.

ಇಲ್ಲಿ ಇನ್ನೊಂದು ವಿಷಯವನ್ನು ಹೇಳದೆ ಬಿಟ್ಟರೆ ವಿಚಾರವು ಅಪೂರ್ಣವಾಗುವುದು. 14ನೆಯ ಶತಮಾನದ ಆದಿಯಲ್ಲಿ ಕೆಲವು ಸೂಫಿಗಳು ಕತ್ತಿ ಹಿಡಿದು ದಖ್ಖನಿಗೆ ಬಂದು ಹೋರಾಡಿ ಮಡಿದರೆಂಬ ಕಥೆಗಳು ವಿಜಾಪುರ, ಸಗರ ಮುಂತಾದೆಡೆಗಳ ದರ್ಗಾಗಳಲ್ಲಿವೆ. ವಿಜಾಪುರದ ಸೂಫಿಗಳ ಮೇಲೆ 1978ರಲ್ಲಿ ದೊಡ್ಡ ಗ್ರಂಥವನ್ನು ಪ್ರಕಟಿಸಿದ ಅಮೆರಿಕದ ಚರಿತ್ರಕಾರ ರಿಚರ್ಡ್ ಈಟನ್ನರು ಈ ಕಥೆಗಳನ್ನು ಆಧರಿಸಿ, ಯೋಧಸೂಫಿಗಳೆಂಬ ಒಂದು ವರ್ಗವನ್ನೇ ಗುರುತಿಸಿದರು. ಆದರೆ ಈ ಕಥೆಗಳು ಬರೆಹಕ್ಕಿಳಿದುದು ಆ ಘಟನೆಗಳಾದ ಶತಮಾನಗಳ ಅನಂತರವೆಂದೂ, ಸಮಕಾಲೀನ ಆಧಾರಗಳು ಅವಕ್ಕಿಲ್ಲವೆಂದೂ ಕಾರ್ಲ್ ಅರ್ನ್‌ಸ್ಟ್ ಎಂಬ ವಿದ್ವಾಂಸರು ಆಕ್ಷೇಪಿಸಿದರು. ಶಾಂತರಾಗಿದ್ದ ಸಂತರನ್ನು ಮುಂದಿನ ಪೀಳಿಗೆಯವರು ವೀರರನ್ನಾಗಿ ಚಿತ್ರಿಸಿಕೊಂಡಿರಬಹುದು. ಸೂಫಿಗಳೆಲ್ಲ ಕತ್ತಿ ಹಿಡಿದವರೆಂಬುದೂ, ಅವರೆಲ್ಲರೂ ರಾಜಕಾರ್ಯದ ಸೋಂಕಿಲ್ಲದೆ ಕೇವಲ ಶಾಂತಿಯನ್ನೇ ಹಾಡಿದರೆಂಬುದೂ, ಎರಡೂ ಚರಿತ್ರೆಗೆ ಒಪ್ಪದ ಮಾತುಗಳು. ಎರಡನ್ನೂ ತಮ್ಮತಮ್ಮ ಪ್ರಯೋಜನಕ್ಕಾಗಿ ಬಳಸುವವರು ಈ ಕಾಲದಲ್ಲಿ ಬಹಳ ಮಂದಿ ಇರುವುದರಿಂದ, ಭಕ್ತರಾದವರು ಎಚ್ಚರದಿಂದಿರಬೇಕು.

ಕತ್ತಿಯನ್ನು ನಿಜವಾಗಿಯೂ ಹಿಡಿದ ಸೂಫಿಗಳು ಅನ್ಯದೇಶಗಳಲ್ಲಿ, ಅದೂ ಈಚಿನ ಕಾಲದಲ್ಲಿ, ಇದ್ದರು. ಅವರಲ್ಲಿ ಅಲ್ಜೀರಿಯದ ಅಮೀರ್ ಅಬ್ದುಲ್ ಖಾದಿರರ (1808–1883) ಚರಿತ್ರೆಯು ನಮ್ಮ ಪ್ರಶ್ನೆಗೆ ವಿಶೇಷವಾಗಿ ಸಂಬಂಧಿಸಿದುದು. ಕಾದಿರೀ ಪಂಥದ ಗುರುಮನೆತನದಲ್ಲಿ ಹುಟ್ಟಿದ ಅವರು ತಮ್ಮ ದೇಶವನ್ನು ಆಕ್ರಮಿಸಿದ ಫ್ರೆಂಚರೊಡನೆ 1832ರಿಂದ 1847ರವರೆಗೆ ಹೋರಾಡಿದರು. ಸೋತು ಶರಣಾಗಿ ಫ್ರಾನ್ಸಿನಲ್ಲಿ ಸೆರೆಯಲ್ಲಿದ್ದು, 1852ರಲ್ಲಿ ಬಿಡುಗಡೆಯಾಗಿ, ಕಡೆಗೆ ದಮಾಸ್ಕಸ್ಸಿನಲ್ಲಿ ನೆಲೆಸಿ ಧ್ಯಾನದಲ್ಲಿಯೂ ಅಧ್ಯಾಪನದಲ್ಲಿಯೂ ಕಾಲವನ್ನು ಕಳೆದರು. 1860ರಲ್ಲಿ ಆ ನಗರದಲ್ಲಿ ಕ್ರೈಸ್ತರ ಮೇಲೆ ಭೀಕರವಾದ ದೊಂಬಿಯಾದಾಗ, ಕ್ರೈಸ್ತರೇ ಆದ ಫ್ರೆಂಚರಿಂದ ದೇಶವನ್ನು ಕಳೆದುಕೊಂಡ ಆ ಸಂತರು, ತಮ್ಮ ಅನುಚರರೊಡನೆ ಬೀದಿಗಿಳಿದು ಸಾವಿರಾರು ಮಂದಿ ಕ್ರೈಸ್ತರನ್ನು ತಮ್ಮ ಮನೆಗೆ ಕರೆತಂದು ಪ್ರಾಣವನ್ನುಳಿಸಿದರು. ಲಿಬಿಯದಲ್ಲಿ ಸನೂಸೀ ಪಂಥದ ಮಠವೊಂದರ ಮುಖ್ಯರಾಗಿ ಮಕ್ಕಳಿಗೆ ಕುರಾನನ್ನು ಕಲಿಸುತ್ತಿದ್ದ ಉಮರ್ ಮುಖ್ತಾರರು ಇಟಲಿಯ ಆಕ್ರಮಣವನ್ನು ಇಪ್ಪತ್ತು ವರ್ಷ ಎದುರಿಸಿ, 1931ರಲ್ಲಿ ಇಳಿವಯಸ್ಸಿನಲ್ಲಿ ನೇಣಿಗೇರಿದರು. ಇವರಾರೂ ಸಿಂಹಾಸನಕ್ಕಾಗಿ ಹೊರಟವರಲ್ಲ. ಧ್ಯಾನವು ಇವರನ್ನು ಲೋಕಕ್ಕೆ ಕುರುಡರನ್ನಾಗಿ ಮಾಡಲಿಲ್ಲ. ಲೋಕವು ಇವರ ಧ್ಯಾನವನ್ನು ಕೆಡಿಸಲಿಲ್ಲ. ಅಮೀರರು ಯುದ್ಧಕಾಲದಲ್ಲಿ ತೋರಿದ ಶೌರ್ಯಕ್ಕಿಂತ 1860ರ ಆ ಬೇಸಗೆಯ ದಿನಗಳ ಕಾರುಣ್ಯವೇ ಅವರ ಸಾಧನೆಯ ಪಕ್ವಫಲವೆಂದು ತೋರುವುದು.

ನಮ್ಮ ಮೈಸೂರು ಸೀಮೆಗೂ ಈ ಚರಿತ್ರೆಯ ಎಳೆಯೊಂದು ಹರಿದುಬಂದಿದೆ. ಹೈದರಾಲಿಯ ಪೂರ್ವಿಕರು ಉತ್ತರದಿಂದ ಬಂದು ಮೊದಲು ಕಲಬುರಗಿಯ ಗೇಸೂದರಾಜರ ದರ್ಗಾದ ಆಶ್ರಯದಲ್ಲಿ ನೆಲೆಸಿದರೆಂದು ಆ ಮನೆತನದ ಚರಿತ್ರೆಯನ್ನು ಬರೆದ ಕಿರ್ಮಾನಿಯು ಹೇಳುವನು. ಹೈದರನ ಮಗನಿಗೆ ಟಿಪ್ಪು ಎಂಬ ಹೆಸರು ಬಂದುದು ಆರ್ಕಾಟಿನ ಟಿಪ್ಪು ಮಸ್ತಾನ್ ಔಲಿಯಾ ಎಂಬ ಫಕೀರರ ಮೇಲಿನ ಭಕ್ತಿಯಿಂದ. ಶ್ರೀರಂಗಪಟ್ಟಣದ ದೊರೆತನವು 1799ರಲ್ಲಿ ಮುಗಿಯಿತು. ಹೆಸರು ಕೊಟ್ಟ ಫಕೀರರ ಸಮಾಧಿಗೆ ಜನರು ಇಂದಿಗೂ ಹೋಗುವರು. ಇನ್ನು ಧಾರವಾಡ ಸೀಮೆಯಲ್ಲಿ, ಶಿಶುನಾಳದ ಷರೀಫ ಸಾಹೇಬರು (1819–1889) ಕಳಸದ ಗೋವಿಂದಭಟ್ಟರೆಂಬ ಬ್ರಾಹ್ಮಣ ಗುರುವಿನ ಶಿಷ್ಯರಾಗಿ, ಕನ್ನಡದಲ್ಲಿಯೇ ತತ್ತ್ವಪದಗಳನ್ನು ಹಾಡಿದರು. ಕಡಕೋಳದ ಮಡಿವಾಳಪ್ಪನವರ ಶಿಷ್ಯವರ್ಗದಲ್ಲಿ ಚೆನ್ನೂರಿನ ಜಲಾಲ ಸಾಹೇಬರು ಸೇರಿದ್ದರು. ದಖ್ಖನೀ ಭಾಷೆಯಲ್ಲಿ ಬೀಸುವ ಕಲ್ಲಿನ ಹಾಡಾಗಿ ಹುಟ್ಟಿದ ದಾರಿಯು ಕನ್ನಡದ ತತ್ತ್ವಪದದೊಡನೆ ಕೂಡಿ, ಯಾವ ದೊರೆಯ ಉಂಬಳಿಯೂ ಇಲ್ಲದೆ ಏಕತಾರಿಯೊಂದರ ಆಧಾರದಿಂದ ಊರೂರಿಗೆ ಹರಿಯಿತು.

ಈ ಎಲ್ಲ ವೃತ್ತಾಂತದಿಂದ ತಿಳಿಯಬರುವುದೇನು? ಏಕಾಂತವೇ ಮೇಲು, ಲೋಕಕಾರ್ಯವೇ ಮೇಲು ಎಂಬ ವಾದವು ಹುರುಳಿಲ್ಲದುದು. ಗೇಸೂದರಾಜರೂ ಸಿಬ್ಗತುಲ್ಲಾರವರೂ ಹಬೀಬುಲ್ಲಾನೂ ದೊರೆಗಳೊಡನೆ ಸೆಣಸಿದವರೇ. ಆದರೆ ಮೂವರ ಸೆಣಸೂ ಒಂದೇ ಅಲ್ಲ. ಸಂತನ ಕಾರ್ಯವನ್ನು ಅಳೆಯಬೇಕಾದುದು ಅವನು ಅರಮನೆಗೆ ಎಷ್ಟು ಹತ್ತಿರ ನಿಂತನೆಂಬ ಅಳತೆಗೋಲಿನಿಂದಲ್ಲ. ಅವನು ಯಾರಿಗಾಗಿ ಅಲ್ಲಿ ನಿಂತನು, ಬೇಕಾದಾಗ ಆಗದೆಂದು ಹೇಳಿ ಹೊರಬರುವ ಸ್ವಾತಂತ್ರ್ಯವನ್ನು ಉಳಿಸಿಕೊಂಡನೇ, ತನ್ನ ಬಾಗಿಲಿಗೆ ಬಂದ ಅನ್ಯಮತೀಯನಿಗೂ ಅನ್ನವನ್ನಿಕ್ಕಿದನೇ ಎಂಬ ಪ್ರಶ್ನೆಗಳಿಂದ. ಕಲಬುರಗಿಯ ನಗರವೊಂದರಲ್ಲಿಯೇ ಬಂದೇನವಾಜರ ದರ್ಗಾವೂ, ದಾಸೋಹಮೂರ್ತಿಗಳಾದ ಶರಣಬಸವೇಶ್ವರರ (1746–1822) ಗುಡಿಯೂ ಇವೆ. ಎರಡು ಸ್ಥಳಗಳನ್ನು ಆಶ್ರಯಿಸಿಯೂ 20ನೆಯ ಶತಮಾನದಲ್ಲಿ ಶಾಲೆಗಳೂ ಕಾಲೇಜುಗಳೂ ಹುಟ್ಟಿ, ಸಹಸ್ರಾರು ಬಡಮಕ್ಕಳು ಓದುವಂತಾಯಿತು. ದೊರೆಗಳು ಕೊಟ್ಟ ಭೂಮಿಯು ಇಲ್ಲದ ಕಾಲದಲ್ಲಿ, ಭಕ್ತರ ಕಾಣಿಕೆಯು ವಿದ್ಯಾದಾನವಾಗಿ ತಿರುಗಿದುದು ಹಳೆಯ ಋಣದ ತೀರುವಳಿಯೆಂದೇ ಹೇಳಬಹುದು.

ಮಠವೊಂದರ ಮಹೋತ್ಸವದ ಸಂದರ್ಭದಲ್ಲಿ ಅನ್ಯಧರ್ಮದ ಮಠಗಳ ಚರಿತ್ರೆಯನ್ನು ನೆನೆಯುವುದರಿಂದ ನಮ್ಮ ಭಕ್ತಿಗೆ ಕುಂದಿಲ್ಲ. ನೆರೆಮನೆಯ ದೀಪದಿಂದ ನಮ್ಮ ಅಂಗಳವೂ ಬೆಳಗುವುದು. ಅಷ್ಟೂರಿನ ಸಮಾಧಿಯ ಮುಂದೆ ಶಂಖವನ್ನೂದುವ ಜಂಗಮಯ್ಯನವರ ಉಸಿರಿನಲ್ಲಿ ಅಲ್ಲಮರೂ ವಲಿಯೂ ಒಂದಾಗಿರುವಂತೆ, ಅಂತರಂಗದ ಧ್ಯಾನವೂ ಬಹಿರಂಗದ ಸೇವೆಯೂ ಶರಣಬಂಧುಗಳೆಲ್ಲರ ಬಾಳಿನಲ್ಲಿ ಒಂದಾಗಿ ನಡೆಯಲಿ.